ಹೊಲಕ್ಕಿಳಿಯುವ ಟೈರು

"ಇವನ್ನ ನೋಡು. ಇವು ಹಾಕಿಸಿದ್ರ ಒಲಿ ಮ್ಯಾಗಿನ ಚಾ ಸೈತ ತುಳುಕೂದಿಲ್ಲ," ಎನ್ನುತ್ತ ಬೀರಲಿಂಗ ಸಣ್ಣ ಗೆರೆಗಳ ಹೊಸ ಟೈರೊಂದನ್ನು ಹೆಂಡತಿಯ ಮುಂದೆ ಉರುಳಿಸಿಕೊಂಡು ಬಂದ. ಸುರೇಖಾ ಅದರತ್ತ ನೋಡಲೂ ಇಲ್ಲ. ಇಳಕಲ್ಲಿನ ಬಸ್ ನಿಲ್ಲುವ ಜಾಗದ ಎದುರಿನ ಆ ಟೈರ್ ಅಂಗಡಿಯ ಬೆಂಚಿನ ಮೇಲೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ತವರೂರು ಗುಳೇದಗುಡ್ಡದ ಬಸ್ಸಿನ ದಾರಿ ಕಾಯುತ್ತ ಕೂತಿದ್ದಳು.

ಪಂಚಮಿಗೆಂದು ತವರಿಗೆ ಹೋದವಳು ದೀಪಾವಳಿ ಮುಗಿದರೂ ತಿರುಗಿ ಬಂದಿರಲಿಲ್ಲ. ಬೀರಲಿಂಗನ ಮನೆಯವರು ಬೆಳೆ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತ ಊರೂರು ತಿರುಗುವವರು. ಹಿಂದೆ ಸಂಸಾರವನ್ನು ಕುದುರೆ ಮೇಲೆ ಹೇರುತ್ತಿದ್ದರು, ಈಗ ಹಳೆಯ ಟೆಂಪೊ ಒಂದೇ ಅವರ ಮನೆ. ತಗಡಿನ ಚಾವಣಿ, ಹಲಗೆಯ ಮಂಚ, ಗ್ಯಾಸ್ ಒಲೆ, ಮಂಚದ ಕೆಳಗೆ ಎಳೆಮರಿಗಳು. ಹೆಂಡತಿಯ ಮನಸ್ಸು ತಿರುಗಲೆಂದು ಬೀರಲಿಂಗ ಖಣದ ಪರದೆ ಕಟ್ಟಿದ್ದ, ಫ್ಯಾನು ಹಾಕಿಸಿದ್ದ. ಸವೆದುಹೋದ ಹಿಂದಿನ ಟೈರುಗಳನ್ನು ನೀನೇ ಬಂದು ಆರಿಸು ಎಂದು ಫೋನಿನಲ್ಲಿ ಗೋಗರೆದು ಕರೆಸಿದ್ದ. ನೋಡಿ ವಾಪಸು ಹೋಗುತ್ತೇನೆ ಎಂದೇ ಅವಳು ಬಂದಿದ್ದಳು. ಅವಳು ಹೂಂ ಅನ್ನದಿದ್ದರೆ ಈ ಸಲ ಟೆಂಪೊ ಅವಳಿಲ್ಲದೆಯೇ ಹೊರಡಬೇಕು.

"ಇವು ರಸ್ತಿಗೆ ಚಲೋ," ಎಂದ ಅಂಗಡಿಯ ರಾಜಮಹ್ಮದ. "ಆದ್ರ ಹಸಿ ಎರಿ ಮಣ್ಣಿನ ಹೊಲಕ್ಕ ಇಳಿಸಿದ್ರ ಕುಂತಬಿಡ್ತಾವ."

"ಗಾಡಿ ಹೊಲಕ್ಕ ಇಳಿಯೂದ ಇಲ್ಲ ಕಾಕಾ. ರಸ್ತಿ ಮ್ಯಾಲ ನಿಲ್ತೈತಿ. ಈಕಿಗೆ ಕುಲುಕಾಟ ತಾಳಾಕ ಆಗೂದಿಲ್ಲ."

ಸುರೇಖಾ ತಟ್ಟನೆ ತಿರುಗಿದಳು. "ಕುಲುಕಾಟ ತಾಳಾಕ ಆಗೂದಿಲ್ಲಂತ ನಾ ಯಾವಾಗ ಹೇಳೇನಿ?"

"ಮತ್ತ ಹೋದ ವರ್ಷ ದಿನಾ ಊಟ ಬಿಟ್ಟು ಅಳ್ತಿದ್ದೆಲ್ಲ?"

"ಗಾಡಿ ಎಲ್ಲಿ ನಿಂತಿರ್ತಿತ್ರಿ?"

"ರಸ್ತಿ ಮ್ಯಾಲ."

"ರಾತ್ರಿ ನೀವೆಲ್ಲಿ ಇರ್ತಿದ್ರಿ?"

"ಹೊಲದಾಗ, ಅಪ್ಪನ ಕೂಡ. ತೋಳದ ಕಾಟ. ಕುರಿ ಕಾಯಬೇಕಲ್ಲ?"

"ಕುರಿ ಕಾಯಾಕ ನೀವಿದ್ರಿ, ನಾಯಿ ಇದ್ವು. ನನ್ನ ಕಾಯಾಕ? ಲಾರಿ ಹೋದಾಗೊಮ್ಮೆ ತಗಡು ನಡಗತಿತ್ತು. ಮರಿ ಎದಿಗೆ ಅವುಚಿಕೊಂಡು, ದೂರದಾಗ ನಿಮ್ಮ ಬ್ಯಾಟ್ರಿ ಬೆಳಕ ನೋಡಕೋತ ಕುಂದ್ರತಿದ್ನಿ. ಅದೂ ಆರಿದ ಮ್ಯಾಲ ಏನ ನೋಡ್ಲಿ?"

ಹಿಂಡಿನಲ್ಲಿ ಯಾವ ಕುರಿ ಮೇವು ಬಿಟ್ಟಿದೆ ಎಂದು ದೂರದಿಂದಲೇ ಹೇಳಬಲ್ಲ ಜಾಣ ನಮ್ಮ ಬೀರಲಿಂಗ. ಹೆಂಡತಿ ಊಟ ಬಿಟ್ಟಿದ್ದು ಯಾಕೆಂದು ಮಾತ್ರ ಅವನಿಗೆ ಇಷ್ಟು ದಿನ ತಿಳಿದಿರಲಿಲ್ಲ. ಅವನಿಗೆ ಬಹಳ ನಾಚಿಕೆಯಾಯಿತು. ತಂದ ಟೈರನ್ನು ತಾನೇ ಉರುಳಿಸಿಕೊಂಡು ಹೋಗಿ ಗೋಡೆಗೆ ಒರಗಿಸಿದ. ಮೂಲೆಯಲ್ಲಿದ್ದ ದೊಡ್ಡ ಹಲ್ಲುಗಳ ಟೈರನ್ನು ಎಳೆದು ತಂದು ಅವಳ ಮುಂದೆ ನಿಲ್ಲಿಸಿದ.

ಅಷ್ಟರಲ್ಲಿ ಎದುರಿಗೆ ಗುಳೇದಗುಡ್ಡದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಊರಿನ ಹೆಸರು ಹೇಳಿ ಕೂಗಿದ. ಸುರೇಖಾ ಎದ್ದಳು.

ಅವಳು ಬಗ್ಗಿ, ಟೈರಿನ ಹಲ್ಲುಗಳ ಸಂದಿಯಲ್ಲಿ ಬೆರಳು ಇಳಿಸಿ ನೋಡಿದಳು. "ಕಾಕಾ, ಇವು ಹೊಲದಾಗಿನ ಕುರಿ ಹಟ್ಟಿ ತನಕ ಹೋಗ್ತಾವೇನ್ರಿ?"

"ಆರಾಮ ಹೋಗ್ತಾವವ್ವಾ. ಆದ್ರ ಮೊದಲ ಹೇಳ್ತೇನಿ, ರಸ್ತಿ ಮ್ಯಾಲ ಭಾಳ ಸಪ್ಪಳ ಮಾಡ್ತಾವ."

ಬಸ್ಸು ಹೊರಟುಹೋಯಿತು. ಸುರೇಖಾ ಕೈಚೀಲವನ್ನು ಗಂಡನ ಕೈಗೆ ಕೊಟ್ಟಳು.

"ಮಾಡ್ಲಿ ಬಿಡ್ರಿ. ನಾ ಬರಾಕತ್ತೇನಂತ ಕುರಿಗೂ ಗೊತ್ತಾಗ್ಲಿ."