ಸವುಳು ಮಣ್ಣಿನ ರುಚಿ

ಅತ್ತೆ ಸಾವಿತ್ರೆವ್ವ ಬುಟ್ಟಿಯಿಂದ ಚಿಟಿಕೆ ಮಣ್ಣು ತೆಗೆದು ನಾಲಗೆಗಿಟ್ಟಾಗ ಸುನಂದಾ ಉಸಿರು ಬಿಗಿಹಿಡಿದಳು. ಮಾಳಿಗೆಗೆ ಹಾಕುವ ಸವುಳು ಮಣ್ಣು ಉಪ್ಪುಪ್ಪಾಗಿರಬೇಕು. ಸಪ್ಪೆಯಾದರೆ ಮಳೆನೀರು ಮನೆಯೊಳಗೇ ಇಳಿಯುತ್ತದೆ. ಅದು ಸಿಗುವುದು ಗುಡ್ಡದ ಏರಿನಲ್ಲಿ, ಒಣಗಿ ಕಲ್ಲಿನಂತೆ ಬಿಗಿದುಕೊಂಡು. ಬೆಳಗಿನಿಂದ ಅಗೆದು ಹೊತ್ತು ಸೊಂಟ ಬಿದ್ದುಹೋಗಿತ್ತು. ಹಾಗಾಗಿ ಈ ಬುಟ್ಟಿಯನ್ನು ಸುನಂದಾ ಏರು ಹತ್ತದೆ, ಗುಡ್ಡದ ಬುಡದ ಸಡಿಲ ಮಣ್ಣಿನಿಂದಲೇ ತುಂಬಿಕೊಂಡು ಬಂದಿದ್ದಳು.

“ಚೊಲೋ ಐತಿ, ಹಾಕು,” ಎಂದಳು ಅತ್ತೆ.

ಬದುಕಿದೆ ಎಂದುಕೊಂಡು ಏಣಿಗೆ ಕಾಲಿಟ್ಟ ಸುನಂದಾ ಅಲ್ಲೇ ನಿಂತಳು. ಮುಂಜಾನೆ ಪಲ್ಯಕ್ಕೆ ಉಪ್ಪು ಹಾಕಲು ಮರೆತಿದ್ದಳು. ಅತ್ತೆ ಸುಮ್ಮನೆ ಉಂಡಿದ್ದಳು.

“ಅತ್ತಿ, ಮುಂಜಾನಿ ಪಲ್ಯಾಕ ಉಪ್ಪು ಆಗಿತ್ತೇನ್ರಿ?”

“ಬರೋಬ್ಬರಿ ಆಗಿತ್ತಲ್ಲ.”

ಸುನಂದಾ ಮೊದಲ ಸಲ ಚಿಟಿಕೆ ಮಣ್ಣನ್ನು ತನ್ನ ನಾಲಗೆಗಿಟ್ಟುಕೊಂಡಳು. ಮುಂಜಾನೆಯ ಪಲ್ಯದಷ್ಟೇ ಸಪ್ಪೆ. ಬುಟ್ಟಿಯನ್ನು ಹಿತ್ತಲಲ್ಲಿ ಸುರುವಿ, “ಇನ್ನೊಂದು ಬುಟ್ಟಿ ಬೇಕಾಗ್ತೈತ್ರಿ,” ಎನ್ನುತ್ತ ಮತ್ತೆ ಗುಡ್ಡದ ಏರಿನ ಕಡೆ ಹೊರಟಳು.