ಭಾನುವಾರ ಮಧ್ಯಾಹ್ನದ ಜಮಖಾನ

ಚರ್ಚಿನಲ್ಲಿ ಪ್ರಸಂಗದ ನಡುವೆ ಆರ್ಗನ್ ಇದ್ದಕ್ಕಿದ್ದಂತೆ ನರಳಿತು. ಪಾದ್ರಿ ಮಾತು ನಿಲ್ಲಿಸಿ ತಿರುಗಿ ನೋಡಿದರು. ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮುಗಿಸಿ ನೇರವಾಗಿ ದೇವಾಲಯಕ್ಕೆ ಬಂದು ಆರ್ಗನ್ ನುಡಿಸಲು ಕೂತಿದ್ದ ನರ್ಸ್, ಅದರ ಮೇಲೇ ತಲೆಯಿಟ್ಟು ನಿದ್ದೆಹೋಗಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆ ನಕ್ಕಿತು.

ಆರಾಧನೆ ಮುಗಿದ ಮೇಲೆ ತಾಯಿ ಅವಳ ಕೈಹಿಡಿದು ಹಿಂದಿನ ಬೀದಿಯ ತನ್ನ ಮನೆಗೆ ಕರೆತಂದಳು. ಮಗಳು ತಟ್ಟೆಯ ಮುಂದೆ ಕೂತು ಅತ್ತಳು.

"ಎಲ್ಲರೆದುರು ಮಾನ ಹೋಯ್ತಮ್ಮ."

"ನಿದ್ದೆ ಬಂದರೆ ಮಾನ ಹೋಗುತ್ತಾ? ಊಟ ಮಾಡಿ ಮಲಕ್ಕೋ."

"ಹೇಗೆ ಮಲಗಲಿ? ಈಗ ಮಕ್ಕಳ ಹಾಡಿನ ಅಭ್ಯಾಸ ಇದೆ. ಆಮೇಲೆ ಮಹಿಳಾ ಕೂಟ. ಕಾಯಿಲೆಯವರನ್ನ ಬೇರೆ ನೋಡ್ಕೊಂಡು ಬರಬೇಕು. ದೇವರ ಕೆಲಸಕ್ಕೆ ಆಗಲ್ಲ ಅನ್ನೋಕಾಗುತ್ತಾ?"

ತಾಯಿ ಅಟ್ಟದಿಂದ ಹಳೆಯ ಜಮಖಾನ ಇಳಿಸಿ ನಡುಮನೆಯಲ್ಲಿ ಹಾಸಿದಳು. ಅದರ ನೀಲಿ ಅಂಚು ಬಿಳಿಚಿಕೊಂಡಿತ್ತು. ಅದನ್ನು ಕಂಡದ್ದೇ ಮಗಳ ಅಳು ನಿಂತಿತು.

ಬಸ್ ಡ್ರೈವರ್ ಆಗಿದ್ದ ಅಪ್ಪ ಬದುಕಿರುವವರೆಗೂ ಪ್ರತಿ ಭಾನುವಾರ ಊಟವಾದ ಮೇಲೆ ಇದನ್ನು ಹಾಸುತ್ತಿದ್ದ. ಕಿಟಕಿಯ ಪರದೆ ಎಳೆದು, "ಬ್ರೇಕ್ ಹಾಕಿದೆ, ಇನ್ನು ಬಸ್ಸು ಸಂಜೆಗೇ" ಎಂದು ಅಂಗಾತ ಮಲಗುತ್ತಿದ್ದ. ಮನೆಯ ಮಕ್ಕಳು, ಪಕ್ಕದ ಮನೆಯ ಮಕ್ಕಳು, ಊಟಕ್ಕೆ ಬಂದ ನೆಂಟರು ಎಲ್ಲರೂ ಅವನ ಸುತ್ತ ಅಡ್ಡಾದಿಡ್ಡಿ. ನಿದ್ದೆ ಬರುತ್ತಿಲ್ಲ ಎಂದು ಯಾರಾದರೂ ಹೊರಳಾಡಿದರೆ, "ಬೈಬಲಲ್ಲಿ ನೋಡಿ, ಅಂಥಾ ಬಿರುಗಾಳಿಯಲ್ಲೇ ಕರ್ತ ದೋಣಿಯಲ್ಲಿ ದಿಂಬಿಟ್ಟುಕೊಂಡು ಮಲಗಿದ್ದ. ನೀವೇನು ಆತನಿಗಿಂತ ಬಿಜಿನಾ?" ಎನ್ನುತ್ತಿದ್ದ. ಪರದೆಯ ಸಂದಿಯಿಂದ ಬಿದ್ದ ಬಿಸಿಲಿನ ಕೋಲು ಗೋಡೆ ಹತ್ತುವುದನ್ನು ನೋಡುತ್ತ ನೋಡುತ್ತ ಯಾವಾಗ ಕಣ್ಣು ಮುಚ್ಚಿತೋ ಒಬ್ಬರಿಗೂ ತಿಳಿಯುತ್ತಿರಲಿಲ್ಲ.

"ಐದೇ ನಿಮಿಷ" ಎಂದು ಮಗಳು ಉರುಳಿಕೊಂಡಳು. ತಾಯಿ ಪರದೆ ಎಳೆಯುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ಸ್ವಲ್ಪ ಹೊತ್ತಿಗೆ ಪಾದ್ರಿ ಬಂದು ಬಾಗಿಲು ತಟ್ಟಿದರು. ಮೈ ಬೆವರಿತ್ತು, ಕಣ್ಣು ಕೆಂಪಾಗಿತ್ತು. "ಮಕ್ಕಳು ಕಾಯ್ತಿದ್ದಾರೆ ದೊಡ್ಡಮ್ಮ, ಇವಳು ಫೋನೇ ಎತ್ತುತ್ತಿಲ್ಲ. ಒಂಚೂರು ಕರೀತೀರಾ?"

"ನಾನಂತೂ ಎಬ್ಬಿಸಲ್ಲ ಅಯ್ಯನವರೇ. ಮನಸ್ಸು ಬಂದರೆ ನೀವೇ ಎಬ್ಬಿಸಿ."

ಪಾದ್ರಿ ಒಳಗೆ ಇಣುಕಿದರು. ಜಮಖಾನ ನೋಡಿ ತಮಗರಿವಿಲ್ಲದೆ ಬೂಟು ಕಳಚಿದರು. ಆ ಪಕ್ಕದ ಮನೆಯ ಮಕ್ಕಳಲ್ಲಿ ಅವರೂ ಒಬ್ಬರು.

"ಇದನ್ನ ಇನ್ನೂ ಇಟ್ಟಿದ್ದೀರಾ? ಆ ಮೂಲೆ ನನ್ನದು. ದೊಡ್ಡಪ್ಪನ ಕಾಲು ಯಾವಾಗಲೂ ನನ್ನ ಮೇಲೇ ಬೀಳ್ತಿತ್ತು." ದನಿ ತಗ್ಗಿತು. "ಅಂಥಾ ನಿದ್ದೆ ಆಮೇಲೆ ನನಗೆ ಬರಲೇ ಇಲ್ಲ ದೊಡ್ಡಮ್ಮ."

ಅವರು ಗೋಡೆಗೊರಗಿ ಒಬ್ಬೊಬ್ಬರ ಜಾಗವನ್ನೂ ಬೆರಳಿನಿಂದ ತೋರಿಸುತ್ತ ಹೋದರು. ನಡುವೆ ಬೆರಳು ನಿಂತಿತು. "ಎಲ್ಲರದ್ದೂ ನೆನಪಿದೆ. ನೀವು ಎಲ್ಲಿ ಮಲಗ್ತಿದ್ರಿ?"



"ನಾನಾ? ನಾನು ಪಾತ್ರೆ ತೊಳೀತಿದ್ದೆ ಕಣಪ್ಪ. 'ನೀನೂ ಬಾರೇ' ಅಂತ ಅವರು ಪ್ರತಿ ವಾರ ಕರೆಯೋರು. ನಾನೂ 'ಬಂದೆ' ಅಂತಿದ್ದೆ. ಕೈ ಒರೆಸ್ಕೊಂಡು ಬರೋ ಹೊತ್ತಿಗೆ ನೀವೆಲ್ಲ ಎದ್ದು ಚಹಾ ಕೇಳ್ತಿದ್ರಿ."

ಹೇಳಿ ನಕ್ಕಳು. ದೂರಿನ ದನಿಯೇನೂ ಇರಲಿಲ್ಲ. ಪಾದ್ರಿ ಮಾತ್ರ ನಗಲಿಲ್ಲ. ಹೊರಗೆ ಹೋಗಿ ಫೋನಿನಲ್ಲಿ ಯಾರಿಗೋ ಹೇಳಿದರು: "ಇವತ್ತು ಅಭ್ಯಾಸ ಇಲ್ಲ, ಕೂಟವೂ ಇಲ್ಲ. ಎಲ್ಲರೂ ಮನೆಗೆ ಹೋಗಿ ಮಲಗಲಿ. ಕಾಯಿಲೆಯವರನ್ನ ಸಂಜೆ ನಾನು ನೋಡ್ಕೊಂಡು ಬರ್ತೀನಿ."

ಮರಳಿ ಬಂದವರು ಅಂಗಿಯ ತೋಳು ಮಡಚಿ ಅಡುಗೆಮನೆಗೆ ನಡೆದರು. ತಾಯಿ ಗಾಬರಿಯಿಂದ ಹಿಂದೆಯೇ ಹೋದಳು.

"ನೀವು ಎಂಜಲು ಪಾತ್ರೆ ಮುಟ್ಟೋದಾ? ಬಿಡಿ ಅಯ್ಯನವರೇ, ನೋಡಿದವರು ಏನಂತಾರೆ?"

"ನೋಡೋರೆಲ್ಲ ಮಲಗಿರ್ತಾರೆ. ನೀವೂ ಹೋಗಿ ದೊಡ್ಡಮ್ಮ."

ಆಕೆ ಮಗಳ ಪಕ್ಕದಲ್ಲಿ, ಬೇರೆಯವರ ಮನೆಗೆ ಬಂದವಳಂತೆ, ಜಮಖಾನದ ತೀರಾ ಅಂಚಿನಲ್ಲಿ ಮೈ ಚಾಚಿದಳು. ಒಳಗೆ ನಲ್ಲಿ ಸುರಿಯುತ್ತಿತ್ತು. ಬೇರೊಬ್ಬರು ಪಾತ್ರೆ ತೊಳೆಯುವ ಸದ್ದು ಮಲಗಿಕೊಂಡು ಕೇಳಿದರೆ ಹೇಗಿರುತ್ತದೆ ಎಂದು ಆಕೆಗೆ ಈವರೆಗೆ ಗೊತ್ತಿರಲಿಲ್ಲ.

ಗಾಜಿನ ಲೋಟವೊಂದು ಬಿದ್ದು ಒಡೆಯಿತು. ಆಕೆ ತಲೆ ಎತ್ತಿದಳು. ಒಂದು ಗಳಿಗೆ ಕಿವಿಗೊಟ್ಟಳು. ಮತ್ತೆ ದಿಂಬಿಗೆ ಒರಗಿದಳು.