ಬೇಯಿಸಿ ನೋಡಿದ ಉಪ್ಪು

ಉಪ್ಪು ನೋಡಲೆಂದು ಸೊಸೆ ಚಿಟಿಕೆ ಹಸಿ ಕೈಮಾವನ್ನು ಬಾಯಿಗೆ ಒಯ್ಯುವಷ್ಟರಲ್ಲಿ ಅತ್ತೆ ಅವಳ ಕೈ ಹಿಡಿದಳು.

“ನೀವೇ ಅಲ್ವಾ ಅತ್ತೆ, ಹೀಗೆ ಕಲಿಸಿದ್ದು?”

ಹೋಟೆಲಿನ ಅಡುಗೆಮನೆಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಬಾಗಿಲಲ್ಲಿ ಮಾಲೀಕ ನಿಂತಿದ್ದ. ಬಾಯಿ ಬಿಟ್ಟರೆ ಕೆಲಸ ಹೋಗಬಹುದೆಂದು ಅಲ್ಲಿನ ಹಿರಿಯ ಅಡುಗೆಯವಳಾದ ಅತ್ತೆಗೆ ಗೊತ್ತಿತ್ತು. ಆದರೂ ಹೇಳಿದಳು.

“ತಪ್ಪು ಕಲಿಸಿದೆ ಕಣೇ. ಹಸಿ ಮಾಂಸ ರುಚಿ ನೋಡಿ ನೋಡಿ ನನ್ನ ಹೊಟ್ಟೇಲಿ ಲಾಡಿಹುಳ ಬೆಳೀತು. ಡಾಕ್ಟ್ರ ಮಾತ್ರೆಗೆ ಈಗ ಹೋಗಿದೆ. ಮಾಂಸ ಚೆನ್ನಾಗಿ ಬೆಂದ್ರೆ ಅದರ ಮರಿ ಸಾಯುತ್ತಂತೆ.”

“ಅದಕ್ಕೇನಾ ಎಷ್ಟು ತಿಂದ್ರೂ ಮೈಗೆ ಹತ್ತದೆ ಇದ್ದಿದ್ದು?”

“ತಿಂದಿದ್ದು ಇಬ್ಬರಿಗೆ ಆಗ್ಬೇಕಿತ್ತಲ್ಲ, ನಂಗೂ ಆ ಹುಳಕ್ಕೂ.”

ಅತ್ತೆ ಕೈಮಾದ ಸಣ್ಣ ಉಂಡೆಯನ್ನು ಕಾವಲಿಗೆ ಒತ್ತಿ, ಒಳಗಿನ ಕೆಂಪು ಹೋಗುವವರೆಗೆ ಬೇಯಿಸಿ ಸೊಸೆಗೆ ಕೊಟ್ಟಳು. “ಈಗ ನೋಡು ಉಪ್ಪು.”

ಮಾಲೀಕ ಒಳಗೆ ಬಂದು ಅಂಗೈ ಚಾಚಿದ. “ನನಗೂ ಒಂದು ಬೇಯಿಸಿ ಕೊಡಿ, ಅಕ್ಕ.”